ಜಡೆಪ್ಪನ ಬೆನ್ನ ಹಿಂದೆ

ಕಂಪ್ಲಿಯ ಜಡೆಪ್ಪನ ಬೆಲ್ಲ ಬಂಗಾರದ ಬಣ್ಣದ್ದು. ಬಾಯಿ ಮಾತ್ರ ಹಾಗಲಕಾಯಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿ ಬಂದಾಗ ಅವನು ಎಲ್ಲರಿಗೂ ಬೆನ್ನು ತಿರುಗಿಸಿ, ಸೊಂಟದ ಸಂಚಿಯಿಂದ ಒಂದು ಹಿಡಿ ಪುಡಿ ತೆಗೆದು ಹಾಕುತ್ತಿದ್ದ. ಹಾಲಿನ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಆ ಗಳಿಗೆಯಲ್ಲಿ ಗಾಣದ ಎತ್ತು ತಲೆಯೆತ್ತಿದರೂ ಅವನಿಗೆ ಅನುಮಾನ. “ನನ್ನ ಬೆನ್ನ ಹಿಂದ ಯಾರೂ ನಿಂದ್ರಬ್ಯಾಡ್ರಲೇ!” ಎಂದು ಅರಚುವುದು ಓಣಿ ತುಂಬ ಕೇಳುತ್ತಿತ್ತು.

ಆ ಪುಡಿ ಅವನೇ ಕಂಡುಕೊಂಡದ್ದು, ಸುಳ್ಳಲ್ಲ. ಹತ್ತಾರು ಸೊಪ್ಪು, ತೊಗಟೆ ಒಣಗಿಸಿ ಕುಟ್ಟಿ, ಎಷ್ಟೋ ಕೊಪ್ಪರಿಗೆ ಹಾಲು ಕೆಡಿಸಿ ಕಂಡುಕೊಂಡದ್ದು. ಆದರೆ ಅದಾದ ಮೇಲೆ ಮನುಷ್ಯನೇ ಕೆಟ್ಟ. ಒಡಹುಟ್ಟಿದ ತಮ್ಮ ಒಲೆಯ ಹತ್ತಿರ ಬಂದನೆಂದು ಕಬ್ಬಿನ ಜಲ್ಲೆಯಿಂದ ಬಾರಿಸಿದ. ಸತ್ತುಹೋದ ಹೆಂಡತಿಗೆ ಒಂದು ದಿನವೂ ಆ ಸಂಚಿ ಮುಟ್ಟಲು ಬಿಟ್ಟಿರಲಿಲ್ಲ. ಇಂಥವನನ್ನು ಜಾಣ ಅನ್ನುವವರು ಅನ್ನಲಿ, ನಮಗಂತೂ ಬಾಯಿ ಬರುವುದಿಲ್ಲ.

ಹೊಸಪೇಟೆಯ ವಕೀಲರೊಬ್ಬರು ಪೇಟೆಂಟ್ ಮಾಡಿಸಿರೆಂದು ಹೇಳಿದ್ದರು. “ಏನು ಹಾಕ್ತೀರಿ, ಹೆಂಗ ಹಾಕ್ತೀರಿ ಅಂತ ಕಲಕತ್ತಾದ ಪೇಟೆಂಟ್ ಕಚೇರಿಗೆ ಬರದು ಕೊಡ್ರಿ. ಹದಿನಾರು ವರ್ಷ ಬ್ಯಾರೆ ಯಾರೂ ಅದನ್ನ ಮಾಡಂಗಿಲ್ಲ. ಮಾಡಿದ್ರ ಕೋರ್ಟಿಗೆ ಎಳೀಬೌದು.”

“ಬರದು ಕೊಟ್ರ ಎಲ್ಲಾರೂ ಓದತಾರಲ್ರೀ?”

“ಓದತಾರ. ಆದ್ರ ಮಾಡಂಗಿಲ್ಲ.”

“ನಿಮ್ಮ ಕೋರ್ಟು ನೀವ ಇಟ್ಕೋರಿ,” ಎಂದು ಜಡೆಪ್ಪ ಎದ್ದು ಬಂದಿದ್ದ.

ಹೀಗಿರುವಾಗ ಕಂಪ್ಲಿ ಸಂತೆಗೆ ಹತ್ತಿರದ ಮೆಟ್ರಿ ಹಳ್ಳಿಯಿಂದ ಅದೇ ಬಂಗಾರದ ಬಣ್ಣದ ಬೆಲ್ಲ ಬಂತು. ಯಾರ ಗಾಣದ್ದು? ಬೀಗ ವಿರುಪಾಕ್ಷಪ್ಪನದು, ಜಡೆಪ್ಪ ತನ್ನ ಒಬ್ಬಳೇ ಮಗಳು ಹಂಪಮ್ಮನನ್ನು ಕೊಟ್ಟ ಮನೆಯದು! ಅವನ ಮೈಯೆಲ್ಲ ಉರಿಯಿತು. ಗುಟ್ಟು ಹಾಳಾಗಿ ಹೋಗಲಿ, ಎಲ್ಲ ಬರೆದು ಕೊಟ್ಟು ಈ ಬೀಗರನ್ನು ಕೋರ್ಟಿನಲ್ಲಿ ನಿಲ್ಲಿಸುತ್ತೇನೆಂದು ಹಲ್ಲು ಕಡಿಯುತ್ತ ಮೆಟ್ರಿಗೆ ಬಂಡಿ ಹೂಡಿಸಿದ.

ಬೀಗರು ಕುಂದ್ರಿ ಅಂದರೂ ಕೂರಲಿಲ್ಲ. ಮಗಳನ್ನು ಕಬ್ಬಿನ ಸಿಪ್ಪೆಯ ರಾಶಿಯ ಹಿಂದಕ್ಕೆ ಕರೆದ.

“ನನ್ನ ಗುಟ್ಟು ಇವರಿಗೆ ಹೇಳಿದೇನಲೇ?”

“ಯಾರಿಗೂ ಹೇಳಿಲ್ಲಪ್ಪ. ನಾನ ಹಾಕ್ತೀನಿ, ನಿನ್ನಂಗ ಬೆನ್ನ ತಿರುಗಿಸಿ.”

“ನಿನಗ ಹೆಂಗ ಗೊತ್ತಾತು?”

“ಅವ್ವ ಹೋದ ಮ್ಯಾಲ ನಿನ್ನ ಧೋತ್ರ ಒಗದಾಕಿ ನಾನು. ಸಂಚಿ ಕಟ್ಟಿದ ಕಡೆ ಕಲೆ, ವಾಸನಿ ಎಲ್ಲಾ ಇರತಿತ್ತು. ಅದನ್ನ ಹಿಡಕೊಂಡು ಯಾವ ಸೊಪ್ಪು, ಯಾವ ತೊಗಟಿ ಅಂತ ಹುಡುಕಿದೆ.”

ಜಡೆಪ್ಪ ಸೊಂಟದ ಸಂಚಿ ಮುಟ್ಟಿ ನೋಡಿಕೊಂಡ. ಹಂಪಮ್ಮ ದನಿ ತಗ್ಗಿಸಿದಳು. “ಮಕ್ಕಳಾಗ್ಲಿಲ್ಲಂತ ನನ್ನ ಹೊರಗ ಹಾಕಿ ಬ್ಯಾರೆ ಹೆಣ್ಣು ತರಾಕ ನಿಂತಿದ್ರು. ಈ ಬೆಲ್ಲ ಕಂಡ ಮ್ಯಾಲ ಆ ಮಾತು ನಿಂತೈತಿ. ನೀ ಬೇಕಾದ್ರ ಬರದು ಕೊಡು, ಕೋರ್ಟಿಗೂ ಹಾಕು. ಆ ಪುಡಿ ಏನಂತ ಇವ್ರಿಗೆ ಗೊತ್ತಾದ ದಿನ ನನ್ನ ಬಟ್ಟಿ ಗಂಟು ಬೀದ್ಯಾಗ ಬೀಳತೈತಿ.”

ಅಷ್ಟರಲ್ಲಿ ಕೊಪ್ಪರಿಗೆ ಕುದಿ ಬಂತು. ಹಂಪಮ್ಮ ಹೋಗಿ ಒಲೆಯ ಕಡೆ ಮುಖ ಮಾಡಿ ಸೆರಗಿನ ಗಂಟು ಬಿಚ್ಚಿದಳು. ಅತ್ತೆ, ಮೈದುನ, ವಿರುಪಾಕ್ಷಪ್ಪ ಮೂವರೂ ಕೊರಳು ಚಾಚಿ ಮೆಲ್ಲಗೆ ಹತ್ತಿರ ಬರುತ್ತಿದ್ದರು. ಇಂಥ ಕಳ್ಳ ಹೆಜ್ಜೆ ಜಡೆಪ್ಪನಿಗೆ ಹೊಸದಲ್ಲ. ದಾಪುಗಾಲು ಹಾಕಿ ಹೋಗಿ ಮಗಳ ಬೆನ್ನಿಗೆ ಬೆನ್ನು ಕೊಟ್ಟು ನಿಂತ.

“ನನ್ನ ಮಗಳ ಬೆನ್ನ ಹಿಂದ ಯಾರೂ ನಿಂದ್ರಬ್ಯಾಡ್ರಲೇ!”

ಬೀಗರಿಗೆ ಲೇ ಅಂದವನಿಗೆ ಆ ಮನೆಯಲ್ಲಿ ಮತ್ತೆ ಒಂದು ತಂಬಿಗೆ ನೀರೂ ಸಿಗಲಿಲ್ಲ. ಅವನು ಕಲಕತ್ತಾಕ್ಕೂ ಬರೆಯಲಿಲ್ಲ.