ಪಂಚಮಿಗೆ ಕಳಿಸುವ ಮನೆ

ನನ್ನ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಸಿಗುವುದು ಕಷ್ಟ. ನಮ್ಮ ಕಡೆ ಮದುವೆಗೋ ತೊಟ್ಟಿಲಿಗೋ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸದೆ ಕೊಡುವುದಿಲ್ಲ. ಹೀಗಾಗಿ ನಾನು ದಿನಾ ಮುಂಜಾನೆ ಅಥಣಿಯ ಕಾಕಾನಲ್ಲಿ ಹಾಲು ಕಾಸಿ, ರಾಯಬಾಗದ ಮಾವಶಿಯಲ್ಲಿ ಹಿಟ್ಟು ನಾದಿ, ನಮ್ಮವರೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷವಾದ ಅವರ ದೊಡ್ಡಪ್ಪನ ಮಗನಲ್ಲಿ ಅವರಿಗೇ ಊಟ ಬಡಿಸುತ್ತೇನೆ. ಅವರು ಸುಮ್ಮನೆ ಉಣ್ಣುತ್ತಾರೆ. ಮಾತು ಬಿಟ್ಟರೂ ತಾಟು ಬಿಡಲಾಗುವುದಿಲ್ಲ, ಅದೂ ದೇವರ ದಯೆಯೇ. ಎಲ್ಲಕ್ಕಿಂತ ಕೆಳಗಿನ ತಾಟಿನ ಮೇಲೆ ‘ಸುವರ್ಣಾ’ ಎಂದಿದೆ. ಅವಳ ಸುದ್ದಿ ಆಮೇಲೆ ಹೇಳುತ್ತೇನೆ.

ಒಮ್ಮೆ ಕೊರೆಸಿದರೆ ಮುಗಿಯಿತು. ಮುಂದಿನ ವರ್ಷ ಯಾರೂ ಬಂದು ‘ಹೆಸರಿನ ಅವಧಿ ಮುಗಿಯಿತು, ತಾಟು ಕೊಡಿ’ ಎನ್ನುವುದಿಲ್ಲ. ಇಂಥ ಮನೆಯಲ್ಲಿ ಬಾಳಿದ ನನಗೆ, ಹೆಸರನ್ನೂ ವರ್ಷ ವರ್ಷ ಬಾಡಿಗೆಗೆ ಹಿಡಿಯುವ ಲೋಕವೊಂದಿದೆ ಎಂದು ತಿಳಿದದ್ದು ತಡವಾಗಿ. ತಿಳಿದ ದಿನ ಒಲೆಯ ಮೇಲಿನ ಬೇಳೆ ಹೊತ್ತಿಹೋಗಿತ್ತು.

ನಮ್ಮ ಅತ್ತೆ ಗೌರವ್ವ ಕಬ್ಬೂರಿನಲ್ಲಿ ಹಾಡಿಗೆ ಹೆಸರಾದವರು. ಬೀಸುವ ಪದ, ಸೋಬಾನ, ತೊಟ್ಟಿಲ ಪದ, ಯಾವುದಕ್ಕೂ ಅವರೇ ಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಮೀರಜ, ಜಯಸಿಂಗಪುರದ ಕಡೆ ಮರಾಠಿ ಮನೆಗಳಿಗೂ ಕೊಟ್ಟಿದ್ದೇವೆ. ಅಲ್ಲಿ ಹಬ್ಬ ಬಂದಾಗಲೆಲ್ಲ ಆ ಹುಡುಗಿಯರು ತಮಗೆ ಅಜ್ಜಿಯಂತಿದ್ದ ಅತ್ತೆಗೆ ಫೋನು ಮಾಡಿ, “ಆಯಿ, ಆ ಪದ ಒಮ್ಮಿ ಅನ್ರಿ” ಎಂದು ಕೇಳುತ್ತಿದ್ದರು. ಇವರು ಪಲ್ಲವಿ ಮುಗಿಸುವಷ್ಟರಲ್ಲಿ ಅವರ ಬ್ಯಾಲೆನ್ಸು ಮುಗಿದಿರುತ್ತಿತ್ತು.

ಆಗ ನನ್ನ ಮಗಳು ಸುಧಾ ನಿಪ್ಪಾಣಿಯಲ್ಲಿ ಓದುತ್ತಿದ್ದಳು. ಅಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಸಂಜು ಎಂಬವನನ್ನು ಮನೆಗೆ ಕರೆತಂದಳು. ಅತ್ತೆಯ ಹಾಡುಗಳನ್ನು ತುಂಬಿಕೊಂಡು ಒಂದು ವೆಬ್‌ಸೈಟು ಮಾಡುವುದೆಂದಾಯಿತು. ಹಾಡಿನ ನಡುವೆ ನಮ್ಮ ಎಮ್ಮೆ ಎರಡು ಸಲ ಒದರಿದೆ, ನನ್ನ ಕುಕ್ಕರು ಒಂದು ಸಲ ಸೀಟಿ ಹೊಡೆದಿದೆ. ಆ ಲೆಕ್ಕದಲ್ಲಿ ಜಗತ್ತಿಗೆ ನನ್ನ ಅಡುಗೆಯೂ ಕೇಳಿಸಿದೆ ಎನ್ನಿ. ಸೈಟಿನ ಹೆಸರು ಅತ್ತೆಯ ಹೆಸರೇ, ಮುಂದೆ ಒಂದು ಚುಕ್ಕಿ ಇಟ್ಟು ಬಾಲ. ಅಂಥ ಹೆಸರಿಗೆ ಡೊಮೇನ್ ಎನ್ನುತ್ತಾರೆ, ಅದನ್ನು ನೋಂದಾಯಿಸುವ ಕಂಪನಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ ಎಂದು ಸಂಜು ಹೇಳಿದ. ರಿಜಿಸ್ಟ್ರಾರ್ ಎಂದೊಡನೆ ಅತ್ತೆಗೆ ಹೊಲದ ಖರೀದಿ ನೆನಪಾಯಿತು.

“ಯಾರ ಹೆಸರಿಲೆ ಹಚ್ಚಾಂವಾ?” ಎಂದು ಕೇಳಿದರು.

“ಮಾಲಕರ ಹೆಸರ ಬೇಕ್ರಿ ಆಯಿ. ನಿಮ್ಮದ ಹಾಕ್ಲೇನ್ರಿ?”

“ಮನಷ್ಯಾರ ಹೆಸರಿಗೆ ಹಚ್ಚಿದ್ರ ನಾಳೆ ಅಣ್ಣತಮ್ಮರು ಜಗಳ ತಗೀತಾರ. ಗುಡಿ ಹೊಲ ಯಾರ ಹೆಸರಿಲೆ ಐತಿ? ವೀರಭದ್ರ ದೇವರ ಹೆಸರಿಲೆ. ಅದಕ್ಕ ಯಾರರೇ ಕೈ ಹಚ್ಯಾರೇನ? ಇದೂ ಹಂಗ ಇರ್ಲಿ.”

“ಕಂಪ್ಯೂಟರ ದೇವರನ್ನ ಒಪ್ಪೂದಿಲ್ರಿ ಆಯಿ.”

“ಯಾಕ ಒಪ್ಪೂದಿಲ್ಲ? ದಿನಾ ಮುಂಜಾನೆ ಅದಕ್ಕ ಊದಿನಕಡ್ಡಿ ಬೆಳಗ್ತಿ ಅಲ್ಲ?”

ಸಂಜು ನಕ್ಕು ಹಾಗೇ ಬರೆದ. ಕಂಪ್ಯೂಟರು ತಕರಾರಿಲ್ಲದೆ ಒಪ್ಪಿತು. ವೀರಭದ್ರ ದೇವರ ಹೆಸರಿನಲ್ಲಿ ಒಂದು ಈಮೇಲೂ ತೆರೆಯಿತು. ಅಂದಿನಿಂದ ಓಣಿಯ ಯಾವ ಹುಡುಗಿಗೆ ಉಡಿ ತುಂಬಿದರೂ ಅತ್ತೆ ಕೊಡುವ ಸ್ಟೀಲು ಡಬ್ಬಿಯ ಮುಚ್ಚಳದ ಮೇಲೆ ಸೈಟಿನ ಹೆಸರು ಕೊರೆಸಿ ಕೊಡುತ್ತಿದ್ದರು. ಹುಡುಗಿ ಎಲ್ಲಿ ಹೋದರೂ ಡಬ್ಬಿ ಜೊತೆಗಿರುತ್ತದೆ, ಡಬ್ಬಿ ಇದ್ದಲ್ಲಿ ಹಾಡು ಇರುತ್ತದೆ ಎಂಬುದು ಅವರ ಲೆಕ್ಕ.

ಕೆಲವು ವರ್ಷ ಹಾಗೇ ನಡೆಯಿತು. ಸಂಜು ವರ್ಷ ವರ್ಷ ನೆನಪಿಟ್ಟು ಹಣ ಕಟ್ಟಿ ಹೆಸರನ್ನು ನವೀಕರಿಸುತ್ತಿದ್ದ. ಆಮೇಲೆ ಅವನು ಅಂಗಡಿ ಮುಚ್ಚಿ ಕೊಲ್ಲಾಪುರಕ್ಕೆ ಹೋದ. ಅತ್ತೆ ಒಂದು ಕಾರ್ತಿಕದಲ್ಲಿ, ಯಾರಿಗೂ ತ್ರಾಸು ಕೊಡದೆ, ಶಿವನ ಪಾದ ಸೇರಿದರು. ಮದುವೆಯಾಗಿ ಜಯಸಿಂಗಪುರಕ್ಕೆ ಹೋಗಿದ್ದ ಸುಧಾ ಬಸುರಿಯಾದಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಗಂಡು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ಮುಂದಿನ ಸೋಮವಾರ ತೊಟ್ಟಿಲು ಎಂದಿರುವಾಗ ಅವಳ ಫೋನು ಬಂತು.

“ಅವ್ವಾ, ಆಯಿ ಸೈಟ ತಗದ್ರ ಯಾರೋ ಸೂಟಿನವ ನಗಾಕತ್ತಾನ. ಈ ಹೆಸರು ಮಾರಾಟಕ್ಕಿದೆ ಅಂತ ಬರದಾರ!”

ಬೇಳೆ ಹೊತ್ತಿದ್ದು ಆಗಲೇ.

“ಇಲ್ಲಿ ಎಲ್ಲಾ ಮರಾಠಿ ಹಾಡು ಅನ್ನವ್ರ. ಅನ್ಲಿ, ಚಂದ ಅಂತಾರ. ಆದ್ರ ಕೂಸಿನ ಕಿವ್ಯಾಗ ಹೆಸರ ಹೇಳೂಕಿಂತ ಮೊದಲ ಆಯಿ ದನಿ ಬೀಳ್ಬೇಕವ್ವ. ನನ್ನ ತೊಟ್ಟಿಲಿಗಿ ಅಂದಿದ್ರಲ್ಲ, ಅದ ಪದ,” ಎಂದು ಅತ್ತಳು. ಬಾಣಂತಿ ಅಳಬಾರದು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇರಲಿಲ್ಲ.

ಹಾಡಿನ ಪ್ರತಿ ಸಂಜುವಿನ ಕಂಪ್ಯೂಟರಿನಲ್ಲಿತ್ತು, ಅದು ಕೆಟ್ಟು ಗುಜರಿಗೆ ಹೋಗಿತ್ತು. ಫೋನಿನಲ್ಲಿ ಅವನು ಸಮಾಧಾನ ಹೇಳಿದ: “ಹಾಡು ಎಲ್ಲಿ ಹೋಗಿಲ್ರಿ ಕಾಕು, ಒಳಗ ಅದಾವ. ಬಾಗಲಕ್ಕ ಕೀಲಿ ಬಿದ್ದೈತಿ. ಆ ರಿಜಿಸ್ಟ್ರಾರ್‌ಗೆ ನೀವ ಫೋನ ಮಾಡ್ರಿ, ಮಾಲಕರ ಮಾತಾಡ್ಬೇಕಂತ.”

ಆ ಕಂಪನಿ ಮೊದಲನೆಯ ವರ್ಷ ಹೆಸರನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟಿತ್ತು. ಪುಕ್ಕಟೆ ಕೊಡುವವರ ಫೋನು ಎತ್ತಿಸುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ಯಂತ್ರವೊಂದು ಒಂದು ಒತ್ತಿ, ಎರಡು ಒತ್ತಿ ಎಂದು ಕುಣಿಸಿತು, ನಡುನಡುವೆ ಕೊಳಲು ನುಡಿಸಿತು. ಕೊನೆಗೆ ಒಬ್ಬ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದಳು.

“ಅಕೌಂಟ್ ಯಾರ ಹೆಸರಲ್ಲಿದೆ ಮೇಡಂ?”

“ವೀರಭದ್ರ ದೇವರ ಹೆಸರಿಲೆ ಐತ್ರಿ.”

“ಅವರಿಗೇ ಫೋನ್ ಕೊಡಿ.”

“ಅವ್ರು ಗುಡಿಯೊಳಗ ಅದಾರ್ರಿ.”

“ಎಷ್ಟು ಹೊತ್ತಿಗೆ ಬರ್ತಾರೆ?”

“ಅವ್ರು ಬರೂದಿಲ್ರಿ, ನಾವ ಹೋಗ್ಬೇಕ.”

ಆಮೇಲೆ ಅವಳು, ಮಾಲೀಕರ ಫೋಟೋ ಇರುವ ಗುರುತಿನ ಚೀಟಿ ಕಳಿಸಿ, ಇಲ್ಲವೇ ಅವರ ಈಮೇಲ್ ತೆರೆದು ಅಲ್ಲಿಂದ ಬರೆಯಿರಿ ಎಂದಳು. ಫೋಟೋ ಬೇಕಾದಷ್ಟಿದ್ದವು. ಖಡ್ಗ ಹಿಡಿದದ್ದು, ದಕ್ಷನ ತಲೆ ಕಾಲ ಬಳಿ ಇರುವುದು. ಕಳಿಸುವ ಧೈರ್ಯವಾಗಲಿಲ್ಲ.

ಈಮೇಲಿನ ಪಾಸ್‌ವರ್ಡು ಸಂಜುವಿಗೂ ಮರೆತಿತ್ತು. ಮರೆತವರಿಗೆ ಅದು ಒಂದು ಪ್ರಶ್ನೆ ಕೇಳುತ್ತದಂತೆ, ಉತ್ತರ ಸರಿಯಿದ್ದರೆ ಒಳಗೆ ಬಿಡುತ್ತದಂತೆ. ಪ್ರಶ್ನೆ ಇದು: ನಿಮ್ಮ ತಾಯಿಯ ತವರು ಹೆಸರೇನು? ಅಂದರೆ ಮದುವೆಗೆ ಮುಂಚಿನ ಹೆಸರು.

ವೀರಭದ್ರನ ತಾಯಿಯ ತವರು ಹೆಸರು! ಶ್ರಾವಣದಲ್ಲಿ ಗುಡಿಯ ಪುರಾಣ ಇಷ್ಟು ವರ್ಷ ಕೇಳಿದ್ದೇನೆ. ಅವನು ಶಿವನ ಜಟೆಯಿಂದ ಹುಟ್ಟಿದವನು, ತಾಯಿಯೇ ಇಲ್ಲ. ಆದರೂ ಸಂಜು ಪಾರ್ವತಿ ಎಂದು ಹಾಕಿ ನೋಡಿದ, ಆಗಲಿಲ್ಲ. ನಮ್ಮವರು ಹೇಳಿದಂತೆ ದಾಕ್ಷಾಯಣಿ ಹಾಕಿದ, ಅದೂ ಆಗಲಿಲ್ಲ. ಇನ್ನೊಮ್ಮೆ ತಪ್ಪಿದರೆ ಬಾಗಿಲು ಪೂರ್ತಿ ಹಾಕಿಕೊಳ್ಳುತ್ತದೆ ಎಂದು ಕೈಬಿಟ್ಟ.

“ಅವತ್ತ ನಾ ಆಯಿಗೆ ಕೇಳಿದ್ನಿ ಕಾಕು. ದೇವರ ಅವ್ವನ ತವರಮನಿ ಹೆಸರ ಏನ್ರಿ ಅಂತ. ಅವ್ರು ನಕ್ಕೋಂತ ಒಂದ ಹೆಸರ ಹೇಳಿದ್ರು, ನಾ ಬರದ್ನಿ. ಈಗ ನೆನಪ ಇಲ್ರಿ.”

ಮರುದಿನ ಪೂಜೆಗೆ ಕೂತಾಗ ನಮ್ಮ ದೇವರ ಜಗುಲಿಯ ಹಿತ್ತಾಳೆಯ ವೀರಭದ್ರನನ್ನು ತೊಳೆಯಲೆಂದು ಎತ್ತಿಕೊಂಡೆ. ನೀರು ತಣ್ಣಗಿತ್ತು. ಕೈ ತಾನಾಗಿ ನಿಂತಿತು. ಅತ್ತೆ ಎಂದೂ ಅವನಿಗೆ ತಣ್ಣೀರು ಹಾಕಿದವರಲ್ಲ. ಬಚ್ಚಲ ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತಂದು, ಮೊಣಕೈ ಅದ್ದಿ ನೋಡಿ, “ಬಾ ನನ್ನ ಮಗನ, ಥಂಡಿ ಆತೇನ?” ಎಂದು ಜಳಕ ಮಾಡಿಸಿ, ಸೀರೆಯ ಸೆರಗಿನಿಂದ ಒರೆಸಿ, ದೃಷ್ಟಿ ತೆಗೆಯುತ್ತಿದ್ದರು. ದಕ್ಷಯಜ್ಞ ಕೆಡಿಸಿದ ಉಗ್ರಮೂರ್ತಿಗೆ ಅವರು ಕಾಡಿಗೆಯ ಬೊಟ್ಟಿಡುವುದನ್ನು ಕಂಡು ನಾನೇ ನಕ್ಕಿದ್ದೇನೆ. ಅವನಿಗೆ ತಾಯಿ ಇಲ್ಲವೆಂದು ಪುರಾಣ ಹೇಳಲಿ. ನಮ್ಮ ಮನೆಯಲ್ಲಿ ಇದ್ದಳು.

ಒದ್ದೆ ಕೈಯಲ್ಲೇ ಓಡಿಹೋಗಿ ನಮ್ಮವರನ್ನು ಕೇಳಿದೆ, “ಅತ್ತಿಯವರ ತವರಮನಿ ಹೆಸರ ಏನ್ರಿ?”

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. “ಅವ್ವ ಅಂದ್ರ ಅವ್ವ. ಹೆಸರ ತಗೊಂಡ ಏನ ಮಾಡೂದಿತ್ತ?”

ಹೌದು, ಯಾರಿಗೂ ಬೇಕಾಗಿರಲಿಲ್ಲ. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಹುಡುಗಿ ಆ ಹೆಸರಿನಿಂದಲೇ ಮನೆ ತುಂಬುತ್ತಾಳೆ. ಆ ಪ್ರಶ್ನೆ ಬರೆದವರ ದೇಶದಲ್ಲಿ ಅಡ್ಡಹೆಸರಷ್ಟೇ ಬದಲಾಗುತ್ತದಂತೆ. ನಮ್ಮಲ್ಲಿ ಹೆಸರೇ ಹೋಗುತ್ತದೆ. ಅಕ್ಕಿಯ ಮೇಲೆ ಬರೆದದ್ದು ಊದಿದರೆ ಹಾರುವಂಥದ್ದು, ಆದರೆ ಜೀವಮಾನವಿಡೀ ನಿಲ್ಲುತ್ತದೆ. ಹುಟ್ಟಿದಾಗ ಇಟ್ಟದ್ದನ್ನು ಕೇಳುವವರಿರುವುದಿಲ್ಲ.

ಅತ್ತೆಯ ತವರು ದಿಗ್ಗೇವಾಡಿ. ಅಲ್ಲಿ ಅವರ ತಮ್ಮ, ನಮ್ಮವರ ಸೋದರಮಾವ, ಇನ್ನೂ ಗಟ್ಟಿಯಾಗಿದ್ದರು. ಕಿವಿ ಮಾತ್ರ ಮಂದ. ಫೋನಿನಲ್ಲಿ ನಾನು ಕೂಗಿದ್ದು ಅರ್ಧ ಓಣಿಗೆ ಕೇಳಿಸಿತು.

“ಮಾವಾ, ಅತ್ತಿ ಸಣ್ಣಾಕಿದ್ದಾಗ ಏನಂತ ಕರೀತಿದ್ರಿ?”

“ಅಕ್ಕ ಅಂತಿದ್ನಿ. ಮತ್ತೇನ ಅನ್ಬೇಕ?”

“ನೀವಲ್ರಿ, ನಿಮ್ಮಪ್ಪ!”

ಈಗ ಮಾವನ ದನಿ ಮೆತ್ತಗಾಯಿತು. “ಚಂಪವ್ವ. ಅಪ್ಪ ಹೊಳಿದಂಡಿ ಹೊಲದಿಂದ ಒದರತಿದ್ದ, ಚಂಪಾ, ರೊಟ್ಟಿ ತಾರಬೇ, ಅಂತ. ಎಷ್ಟ ವರ್ಷ ಆತವ್ವ ಆ ಹೆಸರ ಕೇಳಿ. ಯಾಕ, ಯಾರ ಕೇಳ್ಯಾರ?”

“ಕಂಪ್ಯೂಟರ ಕೇಳೈತ್ರಿ ಮಾವಾ,” ಎಂದೆ.

ಸಂಜು ಆ ಹೆಸರು ಹಾಕಿದ. ಬಾಗಿಲು ತೆರೆಯಿತು. ಒಳಗೆ ವೀರಭದ್ರ ದೇವರಿಗೆ ಬಂದ ಪತ್ರಗಳ ರಾಶಿ. ಪ್ರೀತಿಯ ವೀರಭದ್ರ, ನಿಮ್ಮ ಹೆಸರು ಮುಗಿಯಲಿದೆ. ಪ್ರೀತಿಯ ವೀರಭದ್ರ, ಕೊನೆಯ ಅವಕಾಶ. ಪ್ರೀತಿಯ ವೀರಭದ್ರ, ದೀಪಾವಳಿಗೆ ರಿಯಾಯಿತಿ. ಅವನು ಒಂದನ್ನೂ ತೆರೆದಿರಲಿಲ್ಲ. ನಮ್ಮ ಬೇಡಿಕೆಗಳನ್ನೇ ಓದಿ ಮುಗಿಸಲು ಅವನಿಗೆ ಪುರುಸೊತ್ತಿಲ್ಲದಿರುವಾಗ ಕಂಪನಿಯದ್ದನ್ನು ಎಲ್ಲಿ ಓದುತ್ತಾನೆ? ಅವಧಿ ಮುಗಿದರೂ ಹಳೆಯ ಮಾಲೀಕರಿಗೆಂದು ಇಟ್ಟ ಕೊನೆಯ ಗಡುವು ಇನ್ನೂ ಮುಗಿದಿರಲಿಲ್ಲ. ದಂಡ ತೆತ್ತು ಹೆಸರು ಬಿಡಿಸಿಕೊಂಡೆವು.

ಸೋಮವಾರ ಜಯಸಿಂಗಪುರದಲ್ಲಿ ತೊಟ್ಟಿಲ ಹಗ್ಗಕ್ಕೆ ಮೊಬೈಲು ಕಟ್ಟಿದೆವು. ಅತ್ತೆ ಹಾಡಿದರು, ನಡುವೆ ಎಮ್ಮೆ ಒದರಿತು. ಮರಾಠಿ ಹೆಣ್ಣುಮಕ್ಕಳು ಅರ್ಥವಾಗದಿದ್ದರೂ ಸೆರಗು ಬಾಯಿಗಿಟ್ಟು ಕೇಳಿದರು. ಕುಕ್ಕರಿನ ಸೀಟಿಗೆ ಕೂಸು ಕಣ್ಣು ಬಿಟ್ಟಿತು. ಆಮೇಲೆ ಅದರ ಸೋದರತ್ತೆ ಬಾಗಿ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು.

ಆದರೆ ಆ ಕಂಪನಿಯಲ್ಲಿ ಇನ್ನಿರುವುದು ಬೇಡವೆಂದು ನನಗೆ ಅನಿಸಿಬಿಟ್ಟಿತ್ತು. ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಒಂದು ಗುಪ್ತ ಸಂಖ್ಯೆ ಬೇಕಂತೆ, ಅದನ್ನು ಹಳೆಯವರೇ ಕೊಡಬೇಕಂತೆ. ಇವರು ಕೊಡಲೊಲ್ಲರು. ಯಾಕೆ ಹೋಗುತ್ತೀರಿ ಎಂದು ಕೇಳಿದರು, ಇನ್ನಷ್ಟು ಅಗ್ಗ ಮಾಡುತ್ತೇವೆ ಎಂದರು, ಇಂದು ಯಂತ್ರ ಕೆಟ್ಟಿದೆ ಎಂದರು. ಕೇಳುತ್ತ ಕೇಳುತ್ತ ನನಗೆ ಇದೆಲ್ಲ ಪರಿಚಯದ ಮಾತೇ ಅನಿಸಿತು. ನಾಗರ ಪಂಚಮಿಗೆ ಕರೆಯಲು ಬಂದ ಅಣ್ಣನಿಗೆ ಕೆಲವು ಬೀಗರು ಹೀಗೇ ಹೇಳುತ್ತಾರೆ. ಎಮ್ಮೆ ಈದಿದೆ, ಮನೆಗೆ ಮಂದಿ ಬರುವವರಿದ್ದಾರೆ, ಮುಂದಿನ ವರ್ಷ ನೋಡೋಣ. ಒಳಗೆ ಹುಡುಗಿ ಚೀಲ ತುಂಬಿಕೊಂಡು ಕೂತಿರುತ್ತಾಳೆ.

ನಮ್ಮ ಹಿರಿಯರು ಹೆಣ್ಣು ಕೊಡುವ ಮುಂಚೆ ಆ ಮನೆಯ ಹೊಲ ಬೆಳೆ ನೋಡುತ್ತಿದ್ದರು, ನಿಜ. ಆದರೆ ತಿಳಿದವರು ಪಕ್ಕದ ಮನೆಯಲ್ಲಿ ನೀರು ಕೇಳುವ ನೆಪದಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು: “ಇವ್ರು ಸೊಸೀನ ಪಂಚಮಿಗಿ ಕಳಸ್ತಾರೇನ್ರಿ?” ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಎಲ್ಲರೂ ಆರತಿ ಎತ್ತುತ್ತಾರೆ. ಕಳಿಸುವಾಗಿನ ಮುಖವೇ ನಿಜವಾದ ಮುಖ. ನಮ್ಮ ಅತ್ತೆ ಪಂಚಮಿಯ ಮುನ್ನಾದಿನ ತಾವೇ ನನ್ನ ಚೀಲಕ್ಕೆ ಉಂಡಿ ತುಂಬಿ, “ಹೋಗಿ ಜೋಕಾಲಿ ಆಡಿ ಬಾ” ಎನ್ನುತ್ತಿದ್ದರು. ಅದಕ್ಕೇ ನಾನು ಪ್ರತಿ ಸಲ ಒಂದು ದಿನ ಮುಂಚೆಯೇ ತಿರುಗಿ ಬರುತ್ತಿದ್ದೆ.

ಸಂಜು ಹೊಸ ರಿಜಿಸ್ಟ್ರಾರ್‌ಗಳ ದರ ಹೇಳತೊಡಗಿದಾಗ ನಾನು ತಡೆದೆ. “ದರ ಬಿಡಪಾ. ಅವ್ರನ್ನ ಬಿಟ್ಟ ಹೋದವ್ರು ಏನಂತಾರ, ಅದನ್ನ ಕೇಳ.” ಕೇಳಿ ಬಂದು ಒಂದನ್ನು ಹೇಳಿದ. ಅಲ್ಲಿಗೆ ನಾನೇ ಫೋನು ಮಾಡಿ, ನಾಳೆ ನಮಗೆ ಬೇಡವೆನಿಸಿದರೆ ಕಳಿಸುತ್ತೀರೋ ಎಂದು ಕೇಳಿದೆ. ಆ ಕಡೆಯವನು, “ಕೀಲಿ ನಿಮ್ಮ ಹತ್ರಾನೇ ಇರತ್ತೆ ಮೇಡಂ, ನಮ್ಮನ್ನ ಕೇಳೋದೇ ಬೇಕಿಲ್ಲ” ಎಂದ. ಗಂಡು ಒಪ್ಪಿಗೆಯಾಯಿತು. ಹಳೆಯವರೂ ಕೊನೆಗೆ ಬೇಸತ್ತು ಸಂಖ್ಯೆ ಕೊಟ್ಟರು.

ಪಂಚಮಿಗೆ ಸುಧಾ ಕೂಸು ಕಟ್ಟಿಕೊಂಡು ಬಂದಳು. ಅವಳ ಅತ್ತೆ ಕರೆಯುವ ಮೊದಲೇ ಕಳಿಸಿದ್ದರು, ಅವರಿಗೆ ದೇವರು ಒಳ್ಳೆಯದು ಮಾಡಲಿ. ಹೊಸ ಅಕೌಂಟು ತೆರೆಯಲು ಕೂತಳು.

“ಅವ್ವಾ, ಈ ಸಲ ಮನಷ್ಯಾರ ಹೆಸರ ಬೇಕಂತ. ನಿನ್ನದ ಹಾಕ್ಲಿ?”

“ನಿಂದ ಹಾಕ. ಹಾಡು ನಿನಗ ಬೇಕಲ್ಲ.”

ಬರೆಯುತ್ತ ಹೋದವಳು ಒಂದು ಕಡೆ ನಿಂತಳು. ತಲೆಯೆತ್ತಿ ನನ್ನನ್ನು ನೋಡಿದಳು, ಅಂದು ನಮ್ಮವರು ನೋಡಿದ ಹಾಗೆಯೇ. ತವರಿನಲ್ಲಿ ನನಗಿಂತ ಹಿರಿಯರು ಈಗ ಯಾರೂ ಇಲ್ಲ. ತಮ್ಮಂದಿರಿಗೆ ನಾನು ಅಕ್ಕ, ಇವಳಿಗೆ ಅವ್ವ.

“ಅವ್ವಾ... ತಾಯಿ ತವರಮನಿ ಹೆಸರ ಕೇಳಾಕತ್ತೈತಿ.”

ಅಡುಗೆಮನೆಗೆ ಹೋಗಿ ಎಲ್ಲಕ್ಕಿಂತ ಕೆಳಗಿನ ತಾಟು ಎಳೆದು, ಸೆರಗಿನಿಂದ ಒರೆಸಿ, ಅವಳ ಮುಂದೆ ತಂದಿಟ್ಟೆ. ನನ್ನ ಮದುವೆಯಲ್ಲಿ ನನ್ನಪ್ಪ ಕೊರೆಸಿ ಕೊಟ್ಟದ್ದು ಅದು. ಎಲ್ಲರೂ ತಮ್ಮ ಹೆಸರು ಕೊರೆಸಿದರೆ ಅವನೊಬ್ಬ ನನ್ನ ಹೆಸರು ಕೊರೆಸಿದ್ದ.

ಸುಧಾ ಅದರ ಮೇಲೆ ಬೆರಳಾಡಿಸಿದಳು. ಒಂದೊಂದೇ ಅಕ್ಷರ ನೋಡಿಕೊಂಡು ಬರೆದಳು. ಆಮೇಲೆ ಅದೇ ತಾಟಿನಲ್ಲಿ ಅವಳಿಗೆ ಎರಡು ಉಂಡಿ ಇಟ್ಟುಕೊಟ್ಟೆ.