ಗಿರಿಜಮ್ಮ ಎಣಿಸಿದ ಉಸಿರು

೨೦೨೧ರ ಮೇ ತಿಂಗಳು. ಜಯನಗರದಲ್ಲಿ ನಾನು ಜನರಲ್ ಫಿಜಿಷಿಯನ್ ಆಗಿ ಕ್ಲಿನಿಕ್ ನಡೆಸುತ್ತಿದ್ದ ಇಪ್ಪತ್ತೊಂಬತ್ತನೆಯ ವರ್ಷ. ಕೋವಿಡ್‌ಗೆ ಮುಂಚೆ, ಫೋನಿನಲ್ಲಿ ಔಷಧಿ ಕೇಳಿದವರನ್ನು ಗದರಿಸುತ್ತಿದ್ದವಳು ನಾನು. ನಾಡಿ ಹಿಡಿಯದೆ, ಎದೆಗೆ ಸ್ಟೆತಾಸ್ಕೋಪ್ ಇಡದೆ ಚೀಟಿ ಬರೆಯುವುದಿಲ್ಲ ಎಂಬ ಹಟ. ಮೊದಲ ಅಲೆಯಲ್ಲಿ ಆ ಹಟ ಸಡಿಲವಾಯಿತು. ದಿನಕ್ಕೆ ನಾಲ್ಕೈದು ಜನರನ್ನು ವೀಡಿಯೊ ಕಾಲ್‌ನಲ್ಲಿ ನೋಡತೊಡಗಿದೆ. ಎರಡನೆಯ ಅಲೆಯ ಹೊತ್ತಿಗೆ ಅದು ಅರವತ್ತಕ್ಕೆ ಏರಿತ್ತು. ಮನೆಯ ಊಟದ ಮೇಜೇ ನನ್ನ ಕ್ಲಿನಿಕ್ ಆಗಿತ್ತು.

ಬನಶಂಕರಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಶಿವರುದ್ರಪ್ಪನವರು ನನ್ನ ಹಳೆಯ ರೋಗಿ. ಅರವತ್ತೆರಡು ವಯಸ್ಸು, ಸಕ್ಕರೆ ಕಾಯಿಲೆ. ಕೋವಿಡ್ ಪಾಸಿಟಿವ್ ಬಂದು ಆರನೆಯ ದಿನಕ್ಕೆ ಅವರ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ೯೩ಕ್ಕೆ ಇಳಿದಿತ್ತು. ೯೪ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಿಸಬೇಕು. ಆದರೆ ಎಲ್ಲಿಯೂ ಹಾಸಿಗೆ ಇರಲಿಲ್ಲ. ಮನೆಯಲ್ಲೇ ಚಿಕಿತ್ಸೆ ಶುರುಮಾಡಿ, ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ವೀಡಿಯೊದಲ್ಲಿ ನೋಡುತ್ತಿದ್ದೆ.

ಮನೆಯಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ. ಫೋನ್ ಹಿಡಿಯುತ್ತಿದ್ದವರು ಹೆಂಡತಿ ಗಿರಿಜಮ್ಮ. ಮಾತ್ರೆ ಕೊಟ್ಟ ಹೊತ್ತು, ಜ್ವರ, ಸಕ್ಕರೆ ಎಲ್ಲವನ್ನೂ ಹಳೆಯ ಡೈರಿಯಲ್ಲಿ ಬರೆದಿಟ್ಟು ಓದುತ್ತಿದ್ದರು. ನನ್ನ ನರ್ಸ್ ಕೂಡ ಅಷ್ಟು ಅಚ್ಚುಕಟ್ಟಾಗಿ ಬರೆಯುತ್ತಿರಲಿಲ್ಲ. ಕಾಲ್ ಶುರುವಾದ ಎರಡನೆಯ ದಿನ ಕೇಳಿದೆ: "ನೀವು ಹೇಗಿದ್ದೀರಮ್ಮ?"

"ನಂಗೇನಾಗಿದೆ ಮೇಡಂ, ಚೆನ್ನಾಗಿದ್ದೀನಿ. ಇವ್ರನ್ನ ನೋಡಿ."

ಮತ್ತೆ ಕೇಳಲಿಲ್ಲ. ಅವರ ಮುಖ ಪರದೆಯ ಮೇಲೆ ಒಮ್ಮೆಯೂ ಬರಲಿಲ್ಲ.

ನಾಲ್ಕನೆಯ ದಿನ ಶಿವರುದ್ರಪ್ಪನವರ ಉಸಿರಾಟದ ವೇಗ ತಿಳಿಯಬೇಕಿತ್ತು. ನಿಮಿಷಕ್ಕೆ ಇಪ್ಪತ್ತನಾಲ್ಕು ದಾಟಿದರೆ ಶ್ವಾಸಕೋಶ ಸೋಲುತ್ತಿದೆ ಎಂದರ್ಥ. ಪರದೆಯ ಮೇಲಿನ ಚಿತ್ರ ಅಸ್ಪಷ್ಟವಾಗಿತ್ತು. ಹಾಗಾಗಿ ಅವರ ಎದೆ ಏಳುವುದನ್ನು ನೋಡಿ ಜೋರಾಗಿ ಎಣಿಸಲು ಗಿರಿಜಮ್ಮನಿಗೆ ಹೇಳಿ, ನಾನು ಗಡಿಯಾರ ನೋಡುತ್ತ ಕೂತೆ. ಮೂರು ನಾಲ್ಕು ಅಂಕಿಗೊಮ್ಮೆ ದನಿ ನಿಲ್ಲುತ್ತಿತ್ತು. ನೆಟ್‌ವರ್ಕ್ ಅಂದುಕೊಂಡೆ. ಹದಿನಾಲ್ಕಕ್ಕೆ ಬಂದು ಅವರೇ ಬಿಟ್ಟರು.

"ತಪ್ಪೋಯ್ತು ಮೇಡಂ. ಇನ್ನೊಂದ್ಸಲ ಎಣಿಸ್ಲಾ?"

"ಸ್ವಲ್ಪ ಗಮನ ಕೊಟ್ಟು ಎಣಿಸೀಮ್ಮ" ಎಂದೆ. ದನಿಯಲ್ಲಿ ಅಸಹನೆ ಇತ್ತು. ಸರದಿಯಲ್ಲಿ ಇನ್ನೂ ಆರು ಜನ ಕಾಯುತ್ತಿದ್ದರು. ಎರಡನೆಯ ಸಲ ಇಪ್ಪತ್ತೆರಡಕ್ಕೆ ನಿಮಿಷ ಮುಗಿಯಿತು. ಬರೆದುಕೊಂಡು ಕಾಲ್ ಮುಗಿಸಿದೆ.

ಮರುದಿನ ಬೆಳಿಗ್ಗೆ ಏಳಕ್ಕೇ ವೀಡಿಯೊ ಕಾಲ್ ಬಂತು. ಈ ಸಲ ಫೋನ್ ಹಿಡಿದಿದ್ದವರು ಶಿವರುದ್ರಪ್ಪನವರೇ. "ಮೇಡಂ, ಇವ್ಳು ಏಳ್ತಾನೇ ಇಲ್ಲ." ಗಿರಿಜಮ್ಮನನ್ನು ನಾನು ಮೊದಲು ನೋಡಿದ್ದು ಆಗಲೇ. ಅಡುಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಮನೆಯಲ್ಲಿದ್ದ ಒಂದೇ ಆಕ್ಸಿಮೀಟರನ್ನು ಅವರ ಬೆರಳಿಗೆ ಹಾಕಿಸಿದೆ. ೬೮.

ಮಡಿವಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ಐದು ಗಂಟೆ ಹಿಡಿಯಿತು. ಮೂರನೆಯ ದಿನ ಗಿರಿಜಮ್ಮ ತೀರಿಕೊಂಡರು. ಅಷ್ಟರಲ್ಲಿ ಗಂಡನ ಸ್ಯಾಚುರೇಷನ್ ೯೬ಕ್ಕೆ ಏರಿತ್ತು.

ಸುದ್ದಿ ತಿಳಿದ ದಿನ ಆ ಕಾಲ್ ಮತ್ತೆ ಮತ್ತೆ ನೆನಪಾಯಿತು. ಗಿರಿಜಮ್ಮನ ದನಿ ನಿಂತಾಗಲೂ ಅವರ ಮನೆಯ ಫ್ಯಾನಿನ ಕಿರಕಿರ ಕೇಳಿಸುತ್ತಲೇ ಇತ್ತು. ನೆಟ್‌ವರ್ಕ್ ಹೋಗಿದ್ದರೆ ಫ್ಯಾನೂ ಕೇಳಿಸಬಾರದಿತ್ತಲ್ಲ. ನಾನು ಗಂಡನ ಉಸಿರು ಲೆಕ್ಕ ಹಾಕುತ್ತಿದ್ದಾಗ ಹೆಂಡತಿ ಉಸಿರು ಸಾಲದೆ ನಿಂತು ನಿಂತು ಎಣಿಸುತ್ತಿದ್ದರು.

ಎರಡು ತಿಂಗಳ ಮೇಲೆ ಶಿವರುದ್ರಪ್ಪನವರು ಕ್ಲಿನಿಕ್ಕಿಗೆ ಬಂದರು. ಬಹಳ ಇಳಿದುಹೋಗಿದ್ದರು. ತಾವಾಗಿಯೇ ಹೇಳಿದರು: "ಅವ್ಳಿಗೂ ಕೆಮ್ಮಿತ್ತು ಮೇಡಂ. ನಿಮ್ಮ ಕಾಲ್‌ಗೆ ಮುಂಚೆ ಬಿಸಿನೀರು ಕುಡ್ದು ಬಂದು ಕೂರೋಳು. ಕೆಮ್ಮಿದ್ರೆ ನನ್ನ ವಿಷ್ಯ ಬಿಟ್ಟು ತನ್ನ ವಿಷ್ಯ ಕೇಳ್ತೀರ ಅಂತ." ಆಮೇಲೆ ಕೇಳಿದರು: "ನಿಮ್ಗೆ ಏನೂ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ.

"ಕೇಳಿಸ್ತು ಶಿವರುದ್ರಪ್ಪನವ್ರೇ. ಎಣಿಸೋವಾಗ ಅವರ ದನಿ ನಿಂತು ನಿಂತು ಬರ್ತಿತ್ತು. ನಾನು ನೆಟ್‌ವರ್ಕ್ ಅಂದ್ಕೊಂಡೆ."

ಅವರು ಶರ್ಟಿನ ತೋಳು ಮಡಿಸಿ, ಬಿಪಿ ನೋಡಲು ಕೈ ಮುಂದೆ ಚಾಚಿದರು. ನೋಡಿದೆ, ಚೀಟಿ ಬರೆದೆ. ಆಮೇಲೆ ಅವರು ಬರಲಿಲ್ಲ. ಹೊಸಕೆರೆಹಳ್ಳಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸುತ್ತಾರಂತೆ. ಅದು ಅವರ ಮನೆಗೆ ಹತ್ತಿರ ಎಂಬುದೂ ನಿಜ.

ವೀಡಿಯೊ ಕಾಲ್ ಅನ್ನು ನಾನು ಬಿಟ್ಟಿಲ್ಲ. ಮೆಟ್ಟಿಲು ಹತ್ತಲಾಗದ ಎಷ್ಟೋ ರೋಗಿಗಳಿಗೆ ಈಗ ಅದೇ ಆಸರೆ. ಆದರೆ ಕಾಲ್ ಶುರುವಾದ ಕೂಡಲೇ ಫೋನ್ ಹಿಡಿದವರಿಗೆ ಕ್ಯಾಮೆರಾ ತಮ್ಮ ಕಡೆ ತಿರುಗಿಸಿ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲು ಹೇಳುತ್ತೇನೆ. "ನಂಗಲ್ಲ ಮೇಡಂ, ಕಾಯಿಲೆ ಇವ್ರಿಗೆ" ಎಂದು ಅವರು ನಗುತ್ತಾರೆ. ನಾನು ಕಾಯುತ್ತೇನೆ. ರೋಗಿ ಯಾರು ಎಂಬುದನ್ನು ಮನೆಯವರು ಮೊದಲೇ ತೀರ್ಮಾನಿಸಿ, ಕ್ಯಾಮೆರಾ ಅತ್ತ ತಿರುಗಿಸಿಬಿಟ್ಟಿರುತ್ತಾರೆ. ವೈದ್ಯರು ಅದನ್ನು ಒಪ್ಪಿಕೊಂಡು ಕೂರಬಾರದು. ಇದನ್ನು ಕಲಿಯಲು ನನಗೆ ಇಪ್ಪತ್ತೊಂಬತ್ತು ವರ್ಷ ಸಾಲಲಿಲ್ಲ, ಗಿರಿಜಮ್ಮ ಬೇಕಾದರು.