ಮಡಕಶಿರಕ್ಕೆ ತಲುಪದ ಪಾಠ

ತ್ರಿವೇಣಿಯ ಮಾತು ಬಂದರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲೆ ಒಂದು ಚೂರು, ಆ ಸಿದ್ದರಾಮೇಶನ ಮೇಲೆ ಬೆಟ್ಟದಷ್ಟು. ನಾನು ಜ್ಯೋತಿ. ರಾಯದುರ್ಗದಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ದುಡಿಯುತ್ತಿದ್ದ ಜೀನ್ಸ್ ಫ್ಯಾಕ್ಟರಿಯಲ್ಲೇ ನಾನೂ ಇದ್ದೇನೆ; ಹೊಲಿದು ಬಂದ ಪ್ಯಾಂಟನ್ನು ತಿರುಗಿಸಿ ನೋಡಿ, ಉಳಿದ ದಾರ ಕತ್ತರಿಸುವುದು ನನ್ನ ಕೆಲಸ. ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿ ಹುಡುಕಿ ನನ್ನ ನಾಲಿಗೆ ಹೀಗೆ ಚೂಪಾಗಿದೆ ಎಂದು ನಮ್ಮತ್ತೆ ಹೇಳುತ್ತಾಳೆ. ಇರಲಿ ಬಿಡಿ.

ತ್ರಿವೇಣಿಯ ಅಪ್ಪ ಉಜ್ಜಿನಪ್ಪ ಡಿ. ಹಿರೇಹಾಳ್ ಕಡೆ ಕುರಿಗಳ ಹಿಂದೆ ತಿರುಗುವವನು. ಮಗಳು ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು. ನಮ್ಮ ಬೀದಿಯ ಮುದುಕಿಯರೆಲ್ಲ ಕೆಟ್ಟ ಫೋನು ಹಿಡಿದುಕೊಂಡು ಅವಳ ಮನೆ ಕಟ್ಟೆಗೆ ಬರುವವರೇ. ಯಾರಿಗೂ ಇಲ್ಲ ಎಂದವಳಲ್ಲ. ಆದರೆ ಬೆಳ್ಳಗಿದ್ದದ್ದೆಲ್ಲ ಹಾಲು ಎಂದು ನಂಬುವ ಹುಡುಗಿ. ಇದನ್ನು ನಾನು ಅವಳ ಮುಖಕ್ಕೇ ಹೇಳಿದ್ದೆ. "ಏ ಅಕ್ಕಾ, ನಿನಗ ಎಲ್ಲಾರೂ ಕಳ್ಳರಂಗೇ ಕಾಣ್ತಾರ" ಎಂದು ನಗುತ್ತಿದ್ದಳು.

ಅವಳನ್ನು ಫ್ಯಾಕ್ಟರಿಗೆ ಸೇರಿಸಿದವನು ಸಿದ್ದರಾಮೇಶ. ನಮ್ಮೂರಿನವನೇ, ಆಳುಕಾಳಿನ ವ್ಯವಹಾರವೆಲ್ಲ ನೋಡಿಕೊಳ್ಳುವ ಎಚ್ಆರ್ ಆಫೀಸರು. ಅವನು ಅವಳನ್ನು ಕರೆಯುತ್ತಿದ್ದದ್ದು 'ತಂಗಿ' ಎಂದೇ. ತ್ರಿವೇಣಿಗೆ ಒಡಹುಟ್ಟಿದವರಿಲ್ಲ. ಪಂಚಮಿ ಬಂತೆಂದರೆ ಅವಳ ಅವ್ವ ಸುಂಕಲಮ್ಮ ಉಂಡಿ ಕಟ್ಟಿ ಅವನಿಗೆಂದೇ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತಿದ್ದಳು. ಅವನೂ ಬಂದು, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, "ಅವ್ವಾ, ಇನ್ನೊಂದು ಹಾಕು" ಎಂದು ಕೇಳಿ ತಿನ್ನುತ್ತಿದ್ದ. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ಆ ಮಾತಿಗೆ ಅರ್ಥ ನನಗೆ ಅವನನ್ನು ನೋಡಿದ ಮೇಲೇ ಆದದ್ದು.

ನಮ್ಮ ಪ್ಯಾಂಟು ಕೊಳ್ಳುವ ಹೊರದೇಶದ ಕಂಪನಿಯವರು ಒಂದು ಷರತ್ತು ಹಾಕಿದರು. ಪ್ರತಿಯೊಬ್ಬ ಕೆಲಸಗಾರರಿಗೂ ಸುರಕ್ಷತೆಯ ಪಾಠ ಆಗಿರಬೇಕು, ಇಲ್ಲದಿದ್ದರೆ ಮಾಲು ಬೇಡ. ಪಾಠವನ್ನೂ ಅವರೇ ಕಳಿಸಿದರು. ಕಂಪ್ಯೂಟರಿನಲ್ಲಿ ನೋಡುವ ಕೋರ್ಸು ಅದು: ಬೆಂಕಿ ಬಿದ್ದರೆ ಏನು ಮಾಡಬೇಕು, ಯಾವ ಮೆಷಿನ್ನಿನ ಹತ್ತಿರ ಹೇಗೆ ಕೈ ಇಡಬೇಕು, ಇಂಥವೆಲ್ಲ. ನಮಗೆ ರಾಯದುರ್ಗದಲ್ಲೊಂದು ಘಟಕ, ಮಡಕಶಿರದಲ್ಲಿ ಹೊಸದಾಗಿ ತೆರೆದದ್ದೊಂದು. ಸರ್ವರ್ ಎನ್ನುವ ಒಂದು ದೊಡ್ಡ ಕಂಪ್ಯೂಟರನ್ನು ನಮ್ಮಲ್ಲಿ ಇಟ್ಟು, ಅದರೊಳಗೆ ಕೋರ್ಸು ಕೂರಿಸಿ, ಎರಡೂ ಊರಿನ ಕಂಪ್ಯೂಟರುಗಳಲ್ಲಿ ಅದು ತೆರೆಯುವಂತೆ ಮಾಡಬೇಕು. ಆ ಕೆಲಸ ತ್ರಿವೇಣಿಯ ಪಾಲಿಗೆ ಬಂತು.

ಅಬ್ಬಬ್ಬಾ, ಆಗ ಅವಳನ್ನು ನೋಡಬೇಕಿತ್ತು! ಊಟದ ಡಬ್ಬಿ ತೆರೆದಿಟ್ಟು ಮರೆಯುತ್ತಿದ್ದಳು. ಒಂದು ದಿನ ವಿಡಿಯೊ ಸರ್ವರಿನೊಳಗೇ ಹೋಗಲಿಲ್ಲ. ದೊಡ್ಡ ಫೈಲನ್ನು ಬಿಟ್ಟುಕೊಳ್ಳಬೇಡ ಎಂದು ಸೆಟ್ಟಿಂಗಿನಲ್ಲೇ ಇತ್ತಂತೆ, ಅದನ್ನು ಹುಡುಕಿ ಸಡಿಲಿಸಿದಳು. ಇನ್ನೊಂದು ದಿನ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆಯ ಗುರುತುಗಳಾಗಿ ಸಾಲಾಗಿ ನಿಂತಿದ್ದವು. ಹಾಕಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕೂರಿಸಿದಳು. "ಕಿತ್ತು ಮತ್ತ ಹೊಲಿಯೋದು ನಿಮಗಷ್ಟೇ ಅಲ್ಲಕ್ಕ, ನಮಗೂ ಐತಿ" ಎಂದಳು.

ಕನ್ನಡ ಎಂದೆನಲ್ಲ, ಅದೂ ಅವಳದೇ ಹಟ. ಪಾಠ ಬಂದದ್ದು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ. ಗಡಿನಾಡಿನವರಾದ ನಮಗೆ ತೆಲುಗು ಬರುವುದಿಲ್ಲವೆಂದಲ್ಲ, ಸಂತೆಯಲ್ಲಿ ತೆಲುಗಿನಲ್ಲೇ ಜಗಳ ಆಡುತ್ತೇವೆ. ಆದರೆ ಗಾಬರಿಯಾದಾಗ ಬಾಯಿಗೆ ಬರುವುದು ಅವ್ವನ ಮಾತು ಎಂದು ಅವಳ ವಾದ. ಕೊನೆಗೆ ಪಾಠವನ್ನೆಲ್ಲ ತಾನೇ ಕನ್ನಡದಲ್ಲಿ ಹೇಳಿ ಸೇರಿಸಿದಳು. ಹೊರಗಿನ ಸದ್ದು ಕೇಳಬಾರದೆಂದು ಜೀನ್ಸ್ ಬಟ್ಟೆಯ ಥಾನುಗಳ ನಡುವೆ ಕೂತು, ಬೆವರು ಸುರಿಸುತ್ತ ಹೇಳಿದ ಪಾಠ ಅದು.

ನಮಗೆ ಪಾಸ್‌ವರ್ಡು ಒತ್ತಲು ಬರುವುದಿಲ್ಲವೆಂದು ಹೆಬ್ಬೆಟ್ಟಿನ ಮೆಷಿನ್ನು ಜೋಡಿಸಿದಳು. ಹೆಬ್ಬೆಟ್ಟು ಇಟ್ಟರೆ ನಮ್ಮ ಹೆಸರಿನ ಪಾಠ ತೆರೆಯಬೇಕು. ಪೂರ್ತಿ ನೋಡಬೇಕು, ಪ್ರಶ್ನೆಗಳಿಗೆ ಉತ್ತರ ಹೇಳಬೇಕು, ಆಗಲೇ 'ಕಲಿತಿದ್ದಾರೆ' ಎಂದು ಹಸಿರು ಗುರುತು ಬೀಳಬೇಕು. ಹಾಗೆಂದು ಅವಳು ಸರ್ವರಿನಲ್ಲಿ ಕಟ್ಟು ಮಾಡಿದ್ದಳು. ರಾಯದುರ್ಗದಲ್ಲಿ ಹಾಗೆಯೇ ಆಯಿತು. ಬೆಂಕಿ ಬಿದ್ದಾಗ ಮೊದಲು ಊಟದ ಡಬ್ಬಿ ತೆಗೆದುಕೊಳ್ಳುತ್ತೇನೆ ಎಂದು ಒತ್ತಿ ನಾನೇ ಫೇಲಾದೆ! "ಅಕ್ಕಾ, ಡಬ್ಬಿ ಹೋದ್ರ ಇನ್ನೊಂದು ಬರ್ತೈತಿ, ನೀ ಬರ್ತೀಯೇನು?" ಎಂದು ಬೈದು ಮತ್ತೆ ಕೂರಿಸಿದಳು.

ಆಮೇಲೆ ಮಡಕಶಿರಕ್ಕೆ ಹೋದಳು. ಅಲ್ಲಿಯ ಕಂಪ್ಯೂಟರುಗಳನ್ನೂ ಹೆಬ್ಬೆಟ್ಟಿನ ಮೆಷಿನ್ನನ್ನೂ ಜೋಡಿಸಲು ಕೆಲವು ದಿನ ಬೇಕಿತ್ತು. ಅಲ್ಲಿ ಕೆಲಸ ಮಾಡುವ ವನಿತಾ ಎಂಬ ಹುಡುಗಿ ಅವಳನ್ನು ಲಾಡ್ಜಿಗೆ ಹೋಗಲು ಬಿಡದೆ ಮನೆಗೆ ಕರೆದುಕೊಂಡು ಹೋದಳು. ಅಮರಾಪುರದ ದಾರಿಯಲ್ಲಿ ಅವರ ಮನೆ. ಹಿಪ್ಪುನೇರಳೆ, ರಾಗಿ ಬೆಳೆಯುವವರು. ವನಿತಾಳ ಅತ್ತೆ ಚಿತ್ತಮ್ಮ ಬಿಸಿ ಮುದ್ದೆ ಹಾಕಿ, ಇವಳು 'ಸಾಕ್ರೀ' ಎಂದಾಗಲೆಲ್ಲ ನಕ್ಕು ಇನ್ನೊಂದು ಸೌಟು ಸಾರು ಬಿಟ್ಟಳಂತೆ. ವನಿತಾ ಪ್ಯಾಂಟಿಗೆ ಲೋಹದ ಗುಂಡಿ ಬಡಿಯುವ ಪ್ರೆಸ್ಸಿಗೆ ಹೊಸದಾಗಿ ಸೇರಿದ್ದಳು.

ಕಂಪ್ಯೂಟರು ಜೋಡಿಸಿ, ಒಂದು ಸಲ ತೆರೆದು ನೋಡಿ, ತ್ರಿವೇಣಿ ಹೊರಟಾಗ ವನಿತಾ, "ಓಗ್ಬುಟ್ಟು ಬಾರಕ್ಕ, ಮುಂದ್ಲವಾರ ನಿಮ್ ದನಿ ಕೇಳ್ತೀವಲ್ಲ, ಕಂಪ್ಯೂಟ್ರಾಗೆ" ಎಂದಳಂತೆ. ಬಂದ ಮೇಲೆ ನನಗೆ ಇದನ್ನೇ ಹೇಳಿದ್ದೂ ಹೇಳಿದ್ದೇ.

ಬಂದವಳಿಗೆ ಜ್ವರ ಹಿಡಿಯಿತು. ಮನೆಯಲ್ಲಿ ಮಲಗಿದ್ದಾಗ ಸಿದ್ದರಾಮೇಶ ಹಣ್ಣು ಹಿಡಿದು ನೋಡಲು ಬಂದ. ತಲೆದೆಸೆಯಲ್ಲಿ ಕೂತು, "ತಂಗಿ, ಮಡಕಶಿರದ ಪಾಠ ನಾನು ನಿಂತು ನಡಸ್ತೀನಿ, ನೀ ಆರಾಮ್ ಮಾಡು. ಏನರ ಅಡ್ಡಿ ಬಂದ್ರ ಬೇಕಾಗ್ತೈತಿ, ನಿನ್ನ ಪಾಸ್‌ವರ್ಡು ಹೇಳಿರು" ಎಂದ. ನಾನು ಅಲ್ಲೇ ಗಂಜಿ ಕಲಸುತ್ತಿದ್ದೆ. ಅವಳು ಹೇಳಿಬಿಟ್ಟಳು! ಇಡೀ ಸರ್ವರನ್ನು ಆಳುವ ಪಾಸ್‌ವರ್ಡು! ಅಣ್ಣನಿಗೆ ಮನೆಯ ಬೀಗದ ಕೈ ಕೊಡಲು ಯಾರಾದರೂ ಯೋಚಿಸುತ್ತಾರೆಯೇ ಎನ್ನುತ್ತೀರಿ. ನಾನಾದರೆ ಯೋಚಿಸುತ್ತಿದ್ದೆ.

ಅವಳು ಗುಣವಾಗಿ ಬಂದು ಪರದೆ ತೆರೆದರೆ ಮಡಕಶಿರದವರ ಹೆಸರುಗಳ ಮುಂದೆಲ್ಲ ಹಸಿರೋ ಹಸಿರು. ಒಬ್ಬರೂ ಫೇಲಿಲ್ಲ. "ಅಕ್ಕಾ, ನಿನಗಿಂತ ಅವರೇ ಶ್ಯಾಣ್ಯಾರು ನೋಡು!" ಎಂದು ಕುಣಿದಾಡಿದಳು. ನಮ್ಮ ಸಾಲಿಗೆಲ್ಲ ಮೈಸೂರುಪಾಕು ಹಂಚಿದಳು. ಮ್ಯಾನೇಜರು ಅವಳಿಗೆ ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ಸಿದ್ದರಾಮೇಶನೇ ಮುಂದು.

ಸ್ವಲ್ಪ ದಿನಕ್ಕೆ ಮಡಕಶಿರದಿಂದ ಫೋನು ಬಂತು. ಗುಂಡಿ ಬಡಿಯುವ ಪ್ರೆಸ್ಸು ವನಿತಾಳ ಬಲಗೈ ಮೇಲೆ ಇಳಿದಿತ್ತು. ಎರಡು ಬೆರಳು ಹೋದವು. ಹಿಂದೂಪುರದ ಆಸ್ಪತ್ರೆಗೆ ಸೇರಿಸಿದ್ದರು.

ತ್ರಿವೇಣಿ ಮೊದಲು ಓಡಿದ್ದು ಆಸ್ಪತ್ರೆಗಲ್ಲ, ಮಡಕಶಿರದ ಘಟಕಕ್ಕೆ, ನಾನೂ ಜೊತೆಗಿದ್ದೆ. ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ತಡೆ ಇರುತ್ತದೆ. ಕೆಲಸ ನಿಧಾನವಾಗುತ್ತದೆಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. "ಪಾಠದಾಗ ಇಷ್ಟು ಬಡಕೊಂಡೀನಿ, ತಡೆ ಇಲ್ದ ಯಾಕ ಕೈ ಹಾಕಿದಳು?" ಎಂದು ತ್ರಿವೇಣಿ ಅಳುತ್ತ, ಪಾಠದ ಕೋಣೆಯ ಬಾಗಿಲು ತೆಗೆದಳು. ಒಳಗೆ ದಾರದ ಉಂಡೆಗಳ ಮೂಟೆಗಳು. ಅವಳು ಜೋಡಿಸಿ ಹೋಗಿದ್ದ ಕಂಪ್ಯೂಟರುಗಳನ್ನು ಒಂದರ ಮೇಲೊಂದು ಮೂಲೆಗೆ ಒಟ್ಟಿದ್ದರು, ಮೇಲೆ ಧೂಳು. ಹೆಬ್ಬೆಟ್ಟಿನ ಮೆಷಿನ್ನು ಮಾತ್ರ ಅಲ್ಲಿರಲಿಲ್ಲ.

ಅದು ಗೇಟಿನಲ್ಲಿತ್ತು. ಹಾಜರಿಯ ಮೆಷಿನ್ನಿನ ಪಕ್ಕದಲ್ಲೇ. ವಾಚ್‌ಮನ್ ಗಂಗಣ್ಣನನ್ನು ಕೇಳಿದೆವು. ಪಾಪ, ಅವನಿಗೇನು ಗೊತ್ತು! "ಅದೂ ಆಜ್ರಿದೇ ಕಣಮ್ಮ. ಸಿದ್ದರಾಮೇಶ್ ಸಾರು ಬಂದು, ಇದ್ರಾಗೂ ಒಂದ್ಕಿತ ಇಡ್ಸು ಅಂದ್ರು. ಬಿದ್ದಿಲ್ಲ, ಇನ್ನೊಂದ್ಸಲ ಇಡು ಅಂದೆ, ಎಲ್ರೂ ಇಟ್ರು" ಎಂದ.

ಯಾಕೆ ಇಡುವುದಿಲ್ಲ? ನಮ್ಮ ಕಡೆಯ ಹೆಬ್ಬೆಟ್ಟಿನ ಕಥೆ ನಿಮಗೆ ಗೊತ್ತಿರಬೇಕು. ಕಡಲೆಕಾಯಿ ಕಿತ್ತು, ರಾಗಿ ಕೊಯ್ದು ಸವೆದ ಬೆರಳು. ರೇಷನ್ ಅಂಗಡಿಯಲ್ಲಿ ಒಂದು ಸಲಕ್ಕೆ ಬಿದ್ದದ್ದೇ ಇಲ್ಲ. "ಪಡಲೇದಮ್ಮಾ, ಮಳ್ಳೀ ಪೆಟ್ಟು" ಎನ್ನುತ್ತಾನೆ ಅಂಗಡಿಯವನು. ಬಿದ್ದಿಲ್ಲ, ಮತ್ತೆ ಇಡು. ಇಡುತ್ತೇವೆ. ತಲೆಗೆ ಒರೆಸಿಕೊಂಡು, ಸೆರಗಿಗೆ ಒರೆಸಿಕೊಂಡು ಮತ್ತೆ ಇಡುತ್ತೇವೆ. ಯಾವುದಕ್ಕೆ ಎರಡು ಸಲ ಎಂದು ಕೇಳುವ ಅಭ್ಯಾಸವೇ ಬಿಟ್ಟುಹೋಗಿದೆ. ಸಿದ್ದರಾಮೇಶ ನಮ್ಮವನು, ಅವನಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವಳ ಪಾಸ್‌ವರ್ಡಿನಿಂದ ಸರ್ವರಿನೊಳಗೆ ಹೋಗಿ, ಪಾಠ ನೋಡಬೇಕು, ಉತ್ತರ ಹೇಳಬೇಕು ಎಂಬ ಕಟ್ಟನ್ನು ಕಿತ್ತುಹಾಕಿದ್ದ. ಹೆಬ್ಬೆಟ್ಟು ಬಿದ್ದರೆ ಸಾಕು, 'ಕಲಿತಿದ್ದಾರೆ'. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ತ್ರಿವೇಣಿ ಅಲ್ಲೇ ನಿಂತು ಅವನಿಗೆ ಫೋನು ಮಾಡಿದಳು. ಅವನು ದನಿಯನ್ನೂ ಎತ್ತರಿಸಲಿಲ್ಲ. "ನೋಡು ತಂಗಿ, ಕೆಲಸ ನಿಲ್ಲಿಸಿ ಎಲ್ಲರನ್ನೂ ಪಾಠಕ್ಕ ಕೂಡಿಸಿದ್ರ ಮಾಲು ಹೋಗ್ತಿರಲಿಲ್ಲ. ಈಗ ಇನ್ಸ್‌ಪೆಕ್ಟರು ಬರ್ತಾರ. ಪಾಠ ಆಗೈತಿ, ಆಕೀನೇ ಜೋಕಿಲ್ಲದ ಕೈ ಹಾಕ್ಯಾಳ ಅಂತ ನಾವು ಹೇಳ್ತೀವಿ. ನೀನೂ ಅಷ್ಟೇ ಹೇಳು."

"ಅಣ್ಣಾ, ಆಕಿ ಪಾಠ ನೋಡೇ ಇಲ್ಲಲ್ಲ!"

"ಸರ್ವರಿನಾಗ ಏನು ಬದಲಾದ್ರೂ ನಿನ್ನ ಹೆಸರೀಲೆ ಬದಲಾಗೈತಿ. ನನ್ನ ಹೆಸರು ಎಲ್ಲೂ ಇಲ್ಲ. ಯೋಚನೆ ಮಾಡು."

ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಕ್ಕಾ, ಈ ಮಾತು ಹೇಳುವಾಗ್ಲೂ ತಂಗಿ ಅಂದ" ಎಂದಳು. ನನಗೆ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಈಗ ಎಲ್ಲವೂ ಒಂದೇ ಮಾತಿನ ಮೇಲೆ ನಿಂತಿತ್ತು. ಪಾಠ ಆಗಿದ್ದರೆ, ತಡೆ ಇಲ್ಲದ್ದನ್ನು ನೋಡಿಯೂ ಕೈ ಹಾಕಿದ ತಪ್ಪು ವನಿತಾಳದು, ಕಂಪನಿ ಕೈ ತೊಳೆದುಕೊಳ್ಳುತ್ತದೆ; ಬೆರಳಿಲ್ಲದ ಹುಡುಗಿ ಮನೆಗೆ ಹೋಗಬೇಕು. ಆಗಿಲ್ಲ ಎಂದಾದರೆ ತಪ್ಪು ಕಂಪನಿಯದು. ಚಿಕಿತ್ಸೆ, ಕೆಲಸ ಎಲ್ಲಕ್ಕೂ ಅವರೇ ಹೊಣೆ.

ಕಾರ್ಖಾನೆ ಇನ್ಸ್‌ಪೆಕ್ಟರು ಒಬ್ಬ ಹೆಂಗಸು. ಮರುದಿನ ಬೆಳಿಗ್ಗೆ ಆಸ್ಪತ್ರೆಗೇ ಬಂದರು. ಮಂಚದ ಮೇಲೆ ವನಿತಾ, ಬಲಗೈಗೆ ಬೆಟ್ಟದಂಥ ಬ್ಯಾಂಡೇಜು. ಕಾಲಬಳಿ ಚಿತ್ತಮ್ಮ. ಗೋಡೆಗೆ ಒರಗಿ ಇಸ್ತ್ರಿ ಅಂಗಿಯ ಸಿದ್ದರಾಮೇಶ. ತ್ರಿವೇಣಿ ಮೊದಲೇ ಮುಂದೆ ಬಂದು ಹೇಳಿಬಿಟ್ಟಳು: "ಮೇಡಂ, ಪಾಸ್‌ವರ್ಡು ನಂದು, ಕೊಟ್ಟಾಕಿನೂ ನಾನೇ. ಆದ್ರ ಇಲ್ಲಿ ಪಾಠ ಯಾರೂ ನೋಡಿಲ್ರಿ. ಈ ಮನುಷ್ಯ ಗೇಟಿನಾಗ ಬರೇ ಹೆಬ್ಬೆಟ್ಟು ಒತ್ತಿಸ್ಯಾನ."

ಹಿಂದಿನ ದಿನದವರೆಗೆ ಅಣ್ಣನಾಗಿದ್ದವನು ಅವಳ ಬಾಯಲ್ಲಿ 'ಈ ಮನುಷ್ಯ' ಆದ. ಅವನು ನಕ್ಕ. "ಮೇಡಂ, ಈಕಿ ಇವರ ಮನ್ಯಾಗ ಉಂಡಾಕಿ. ತನ್ನ ತಪ್ಪು ಮುಚ್ಚಾಕ ಸುಳ್ಳು ಹೇಳ್ತಾಳ. ಹೆಬ್ಬೆಟ್ಟು ಬಿದ್ದೈತಿ, ಪಾಠ ಆಗೈತಿ." ಉಂಡದ್ದರ ಲೆಕ್ಕ ಇವನು ಹೇಳಬೇಕೇ! ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ಸ್‌ಪೆಕ್ಟರು ವನಿತಾಳ ಕಡೆ ತಿರುಗಿ ಪಾಠ ನೋಡಿದ್ದೀಯಾ ಎಂದು ಕೇಳಿದರು. ಅವಳು ಎಲ್ಲರ ಮುಖವನ್ನೂ ನೋಡಿದಳು. "ಎಬ್ಬೆಟ್ಟು ಇಕ್ಕಿದ್ದೆ ಮೇಡಂ. ಪಾಠ ಇನ್ನೂ ತೋರ್ಸಿಲ್ವಲ್ಲ?" ಎಂದಳು.

"ನೋಡ್ಯಾಳ, ಮರೆತಾಳ" ಎಂದ ಸಿದ್ದರಾಮೇಶ.

"ಹಾಗಾದರೆ ಆ ಪಾಠವನ್ನೇ ಹಾಕಿ, ಕೇಳೋಣ" ಎಂದರು ಇನ್ಸ್‌ಪೆಕ್ಟರು.

ತ್ರಿವೇಣಿ ತನ್ನ ಫೋನಿನಲ್ಲಿ ಕೋರ್ಸು ತೆರೆದು ದಿಂಬಿನ ಪಕ್ಕ ಇಟ್ಟಳು. ಬಟ್ಟೆಯ ಥಾನುಗಳ ನಡುವೆ ಕೂತು ಹೇಳಿದ ಆ ದನಿ ಹೊರಬಂತು. ವನಿತಾಳ ಒಣಗಿದ ಮುಖ ಅರಳಿತು. "ಅತ್ತೆ, ಕೇಳಿಲ್ಲಿ, ಅಕ್ಕಂದೇ ದನಿ!" ಎಂದಳು.

ದನಿ ಹೇಳುತ್ತಿತ್ತು: "ಗುಂಡಿ ಬಡಿಯೋ ಮೆಷಿನ್ನಿನ ಮುಂದ ಒಂದು ತಡೆ ಇರ್ತೈತಿ. ಅದನ್ನ ಯಾರರ ಬಿಚ್ಚಿದ್ರ ಕಾಲಿನ ಪೆಡಲು ಒತ್ತಬ್ಯಾಡ್ರಿ. ಎಷ್ಟು ಅವಸರ ಮಾಡಿದ್ರೂ ಒತ್ತಬ್ಯಾಡ್ರಿ. ತಡೆ ಇಲ್ಲ, ನಾ ಮಾಡಂಗಿಲ್ಲ ಅಂತ ಹೇಳ್ರಿ. ಹಂಗ ಹೇಳಾಕ ನಿಮಗ ಹಕ್ಕು ಐತಿ. ಅದಕ್ಕ ಯಾರೂ ನಿಮ್ಮನ್ನ ಕೆಲಸದಿಂದ ತೆಗಿಯಂಗಿಲ್ಲ."

ವನಿತಾ ನಗುವುದನ್ನು ನಿಲ್ಲಿಸಿದಳು. ಬ್ಯಾಂಡೇಜಿನ ಕೈ ನೋಡಿಕೊಂಡಳು. ಮತ್ತೆ ತ್ರಿವೇಣಿಯನ್ನು ನೋಡಿದಳು.

"ಮಾಡಲ್ಲ ಅನ್ಬೋದಿತ್ತಾ ಅಕ್ಕಾ?" ಎಂದು ಕೇಳಿದಳು. "ಅವತ್ತು ನಂಗೆ ಭಯ ಆಗಿತ್ತು ಕಣಕ್ಕ. ಬ್ಯಾಡ ಅನ್ನಿಸ್ತಿತ್ತು. ಅನ್ಬೋದು ಅಂತ ಗೊತ್ತಿರ್ಲಿಲ್ಲ."

ಸಿದ್ದರಾಮೇಶ ಏನೋ ಹೇಳಲು ಬಾಯಿ ತೆರೆದ. ಇನ್ಸ್‌ಪೆಕ್ಟರು ಕೈ ಎತ್ತಿ, "ಇಂಕ ಚಾಲು, ಸಾಕು. ಇನ್ನು ನಿಮ್ಮಿಂದ ಕೇಳುವುದು ಏನೂ ಇಲ್ಲ" ಎಂದರು. ಪಾಠ ಆಗಿಲ್ಲವೆಂದೇ ಅವರು ಬರೆದುಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ತ್ರಿವೇಣಿ ಅದನ್ನು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ವನಿತಾ ಇನ್ನೂ ಉತ್ತರಕ್ಕಾಗಿ ಅವಳನ್ನೇ ನೋಡುತ್ತಿದ್ದಳು. ತ್ರಿವೇಣಿ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಫೋನು ನಿಲ್ಲಿಸಲು ಯಾರಿಗೂ ನೆನಪಾಗದೆ, ಅವಳದೇ ದನಿ ಮುಂದಿನ ಪಾಠ ಹೇಳುತ್ತಲೇ ಇತ್ತು.